ಆರನೇ ಮಂಚದ ಮಗ್ಗುಲು

ಬೆಳಗಿನ ಆರು ಗಂಟೆ. ವಾರ್ಡಿನ ಹದಿನಾಲ್ಕು ಮಂಚಗಳಲ್ಲಿ ಒಬ್ಬರೂ ಮಿಸುಕುವುದಿಲ್ಲ. ಹಲವರು ಕಣ್ಣು ತೆರೆದೇ ಮಲಗಿದ್ದಾರೆ. ಆ ಕಣ್ಣುಗಳು ವರದಿಗೆಂದು ಬಂದ ನಮ್ಮನ್ನು ನೋಡುತ್ತಿವೆಯೋ ಇಲ್ಲವೋ ತಿಳಿಯುವುದಿಲ್ಲ. ನೀಲಿ ಕೋಟಿನ ತೋಳು ಮಡಚಿಕೊಂಡ ಹೆಂಗಸೊಬ್ಬರು ಮೊದಲ ಮಂಚದ ಅಜ್ಜಿಯ ಕಿವಿಯ ಬಳಿ ಬಾಗುತ್ತಾರೆ. "ಅಜ್ಜಿ, ಈಗ ಆ ಕಡೆ ತಿರುಗೋಣ. ಕಚಗುಳಿ ಆದ್ರೆ ಬೈಬೇಡಿ." ಒಪ್ಪಿಗೆಗೆಂಬಂತೆ ಒಂದು ಕ್ಷಣ ಕಾದೇ ತಿರುಗಿಸುತ್ತಾರೆ.

ಎಲ್ಲರ ಬಾಯಲ್ಲೂ ಇವರು ಮಗ್ಗುಲಕ್ಕ. ಎರಡು ಗಂಟೆಗೊಮ್ಮೆ ರೋಗಿಗಳ ಮಗ್ಗುಲು ಬದಲಿಸುವುದು, ಹಾಸಿಗೆ ಹುಣ್ಣು ತೊಳೆದು ಕಟ್ಟುವುದು ಇವರ ಕೆಲಸ. ಒಂದು ಪಾಳಿಗೆ ಐವತ್ತಾರು ಸಲ, ಇಪ್ಪತ್ತೆರಡು ವರ್ಷದಿಂದ. ಇವರ ಸೊಂಟ ಎಂದೋ ಕೈಕೊಟ್ಟಿದೆ. "ಊರವರನ್ನೆಲ್ಲ ತಿರುಗಿಸ್ತೀಯ, ನೀನೇ ಮಗ್ಗುಲಾಗೋಕೆ ಒದ್ದಾಡ್ತೀಯಲ್ಲೇ" ಎಂದು ಗಂಡ ಛೇಡಿಸುತ್ತಾರಂತೆ.

ಕೆಲಸ ಕಲಿತದ್ದು ತಪ್ಪಿನಿಂದ. "ಅಮ್ಮ ಹಾಸಿಗೆ ಹಿಡಿದಿದ್ರು. ಬೆನ್ನು ಕೆಂಪಾಗಿತ್ತು. ಒಳ್ಳೇದಾಗ್ಲಿ ಅಂತ ಎಣ್ಣೆ ಹಾಕಿ ಚೆನ್ನಾಗಿ ಉಜ್ಜಿದೆ. ಚರ್ಮ ಕಿತ್ತು ಬಂತು. ಉಜ್ಜಬಾರದು ಅಂತ ಯಾರೂ ಹೇಳಿರಲಿಲ್ಲ." ಆ ಸಂಕಟ ಇನ್ನೂ ಅವರ ಮುಖದಲ್ಲಿದೆ.

ಆರನೇ ಮಂಚದಲ್ಲಿ ಬಸ್ ಓಡಿಸುತ್ತಿದ್ದವರೊಬ್ಬರು. ಮೆದುಳಿನಲ್ಲಿ ರಕ್ತಸ್ರಾವವಾಗಿ ಮಾತಿಲ್ಲ, ಕೈಕಾಲಿಗೆ ಸ್ವಾಧೀನವಿಲ್ಲ. ಹೆಂಡತಿ ದಿನಾ ಬೆಳಿಗ್ಗೆ ಎಂಟಕ್ಕೆ ಬಂದು ಸ್ಟೂಲಿನ ಮೇಲೆ ಕೂರುತ್ತಿದ್ದರು. ಎಂಟು ತಿಂಗಳ ಹಿಂದೆ ಆಕೆ ತೀರಿಕೊಂಡರು. ಅದನ್ನು ಇವರಿಗೆ ಹೇಳುವ ಧೈರ್ಯ ಯಾರಿಗೂ ಬರಲಿಲ್ಲ.

ಆಮೇಲೆ ಶುರುವಾಯಿತು. ಎಡ ಸೊಂಟದಲ್ಲಿ ಹುಣ್ಣೆದ್ದಿದ್ದರಿಂದ ಮಗ್ಗುಲಕ್ಕ ಇವರನ್ನು ಬಲಕ್ಕೆ, ಗೋಡೆಯ ಕಡೆಗೆ ಮಲಗಿಸುತ್ತಾರೆ. ಮರಳಿ ಬಂದರೆ ಮತ್ತೆ ಎಡಕ್ಕೆ, ಬಾಗಿಲಿಗೆ ಮುಖ! ನರ್ಸುಗಳೆಲ್ಲ ಆಣೆ ಮಾಡಿದರು, ತಾವು ಮುಟ್ಟಿಲ್ಲವೆಂದು. ಒಂದು ಬೆಳಿಗ್ಗೆ ಮಗ್ಗುಲಕ್ಕ ಪಕ್ಕದಲ್ಲೇ ಕಾದು ಕೂತರು. ಬೇಸಿನ್ನಿನ ನೀರು ಚೆಲ್ಲಲು ನಾಲ್ಕು ಹೆಜ್ಜೆ ಹೋಗಿ ತಿರುಗಿದರೆ, ಆತ ಬಾಗಿಲನ್ನೇ ನೋಡುತ್ತಿದ್ದರು. ಮಂಡಿಗಳ ನಡುವಿನ ದಿಂಬು ಕೂಡ ಅಚ್ಚುಕಟ್ಟಾಗಿತ್ತು. ಅತ್ತ ಹುಣ್ಣು ಆಳವಾಗುತ್ತಲೇ ಇತ್ತು. ಮೂಳೆ ಮುಟ್ಟಿದರೆ ನಂಜೇರಿ ಜೀವ ಉಳಿಯುವುದಿಲ್ಲ ಎಂದರು ಡಾಕ್ಟರು.

"ಹೆದರಿದ್ದೇನೋ ನಿಜ. ಆದ್ರೆ ಯಾರು ತಿರುಗಿಸಿದ್ರು ಅಂತ ಹುಡುಕ್ತಾ ಕೂತ್ರೆ ಹುಣ್ಣು ವಾಸಿಯಾಗುತ್ತಾ? ಅವ್ರಿಗೆ ಬಾಗಿಲು ಕಾಣಬೇಕು, ಅಷ್ಟೇ ತಾನೆ? ಮಂಚಾನೇ ತಿರುಗಿಸಿಬಿಟ್ಟೆ."

ತಲೆಯಿದ್ದ ಕಡೆ ಕಾಲು, ಕಾಲಿದ್ದ ಕಡೆ ತಲೆ. ಈಗ ಬಲಕ್ಕೆ ಮಲಗಿದರೆ ಬಾಗಿಲು ಎದುರಿಗೇ. ಸ್ಟೂಲನ್ನೂ ಅದೇ ಬದಿಗೆ ಸರಿಸಿಟ್ಟರು. ಅಂದಿನಿಂದ ಆತ ತಾನಾಗಿ ಎಡಕ್ಕೆ ಹೊರಳಿಲ್ಲ. ಮುಷ್ಟಿ ಹಿಡಿಸುವಷ್ಟಿದ್ದ ಹುಣ್ಣಿನಲ್ಲಿ ಕೆಂಪು ಮಾಂಸ ತುಂಬಿ, ಈಗ ಉಗುರಿನಗಲ ಉಳಿದಿದೆ.

ನಾವು ಮಾತಾಡುತ್ತಿರುವಾಗಲೇ ಎಂಟಾಗುತ್ತದೆ. ಆತನ ದೃಷ್ಟಿ ಬಾಗಿಲಿನಿಂದ ಮೆಲ್ಲಗೆ, ಯಾರದೋ ನಡಿಗೆಯ ವೇಗದಲ್ಲಿ, ಸ್ಟೂಲಿನವರೆಗೆ ಬಂದು ನಿಲ್ಲುತ್ತದೆ. ಅಲ್ಲಿ ಯಾರೂ ಇಲ್ಲ. ಬ್ಯಾಂಡೇಜ್ ಹಿಡಿದಿದ್ದ ಮಗ್ಗುಲಕ್ಕ ಒಂದು ಹೆಜ್ಜೆ ಹಿಂದೆ ಸರಿದು ದಾರಿ ಬಿಡುತ್ತಾರೆ.

"ಇನ್ನೆರಡು ವಾರದಲ್ಲಿ ಪೂರ್ತಿ ಮುಚ್ಚುತ್ತೆ" ಎನ್ನುತ್ತಾರೆ ದನಿ ತಗ್ಗಿಸಿ. "ಅಲ್ಲೀವರೆಗೆ ಆಯಮ್ಮ ಒಂದು ದಿನಾನೂ ತಪ್ಪಿಸದೆ ಬರ್ಲಿ. ನಂಗೆ ಅಷ್ಟು ಸಾಕು."