ಕಾಶವ್ವನ ಡಬ್ಬಿ ಮನಿ

ಕಾಶವ್ವ ಮಾತಾಡಿದರೆ ನಾವು ಬಗ್ಗಿ ಕಿವಿಯನ್ನು ಅವಳ ಬಾಯಿಯ ಹತ್ತಿರ ಒಯ್ಯಬೇಕಾಗುತ್ತಿತ್ತು. ಗಂಟಲಿನಿಂದ ಬರುತ್ತಿದ್ದುದು ದನಿಯಲ್ಲ, ಒಣ ಎಲೆ ಕಾಲಿಗೆ ಸಿಕ್ಕಂಥ ಸಪ್ಪಳ. ಇದೇ ಹೆಂಗಸು ಒಂದು ಕಾಲಕ್ಕೆ ಜೈನಾಪುರದ ಅಗಸಿ ಬಾಗಿಲಲ್ಲಿ ನಿಂತು ಕೂಗಿದರೆ ಊರಿನ ಕೊನೆಯ ಮನೆಯಲ್ಲೂ ರೊಟ್ಟಿ ಬಡಿಯುವ ಕೈ ನಿಲ್ಲುತ್ತಿತ್ತಂತೆ. ಅವಳು ಹೆಣ್ಣಾಳುಗಳ ಗ್ಯಾಂಗು ಕಟ್ಟಿದವಳು. ಹೊತ್ತು ಮೂಡುವ ಮೊದಲೇ ಒಬ್ಬೊಬ್ಬರ ಹೆಸರು ಹಿಡಿದು ಕೂಗಿ, ಎಲ್ಲರನ್ನೂ ಟಂಟಂ ರಿಕ್ಷಾದಲ್ಲಿ ತುಂಬಿಕೊಂಡು ತಿಕೋಟಾದ ಒಂದು ಕೋಲ್ಡ್ ಸ್ಟೋರೇಜಿಗೆ ಒಣದ್ರಾಕ್ಷಿ ಆರಿಸಲು ಒಯ್ಯುತ್ತಿದ್ದಳು. ಸೀರೆಯ ಮೇಲೆ ಗಂಡನ ಹಳೆಯ ಅಂಗಿ ತೊಟ್ಟ ಹೆಂಗಸರು ನಗುತ್ತ, ಜಗಳಾಡುತ್ತ ಹೋಗುತ್ತಿದ್ದರು.

ಅಲ್ಲಿ ಒಂದು ದಿನ ಅಮೋನಿಯಾ ಪೈಪು ಒಡೆಯಿತು. ಮುಂಬಾಗಿಲ ಕಡೆಯಿಂದಲೇ ಗ್ಯಾಸು ನುಗ್ಗಿತು. ಹಿಂಬಾಗಿಲಿಗೆ ಹೊರಗಿನಿಂದ ಕೀಲಿ ಹಾಕಿತ್ತು. ಹೆಂಗಸರು ಉಡಿಯಲ್ಲಿ ಒಣದ್ರಾಕ್ಷಿ ಕಟ್ಟಿಕೊಂಡು ಹೋಗುತ್ತಾರೆಂದು ಮಾಲೀಕನಿಗೆ ಸಂಶಯ. ಅದೇ ಸಂಶಯಕ್ಕೆ ಊಟದ ಡಬ್ಬಿಯನ್ನೂ ಒಳಗೆ ಬಿಡುತ್ತಿರಲಿಲ್ಲ. ಗೇಟಿನ ಬಳಿಯ ತಗಡಿನ ನೆರಳಲ್ಲಿ ಸಾಲಾಗಿ ಇಟ್ಟು ಹೋಗಬೇಕು. ಟಂಟಂನವನ ಜೊತೆ ಮಾತಾಡುತ್ತ ಹೊರಗಿದ್ದ ಕಾಶವ್ವ ಹೆಸರು ಕೂಗುತ್ತ ಒಳಗೆ ನುಗ್ಗಿ, ಕೈಗೆ ಸಿಕ್ಕ ಇಬ್ಬರನ್ನು ಹೊರಗೆಳೆದಳು. ಅವಳ ದನಿ ಹೋದದ್ದು ಅಲ್ಲೇ. ಏಳು ಮಂದಿ ಒಳಗೇ ಉಳಿದರು. ಅವರ ಡಬ್ಬಿಗಳು ರೊಟ್ಟಿ ಪಲ್ಯದ ಸಮೇತ ಹೊರಗೆ ಸುರಕ್ಷಿತವಾಗಿದ್ದವು.

ನನ್ನದು ಸೊಲ್ಲಾಪುರ ರಸ್ತೆಯಲ್ಲಿ ಪಾತ್ರೆ ಅಂಗಡಿ. ಪಾತ್ರೆಯ ಮೇಲೆ ಹೆಸರು ಹೊಡೆದು ಕೊಡುವುದು ನನ್ನ ಕೈಗೆ ಹತ್ತಿದ ಕೆಲಸ. ನಮ್ಮ ಕಡೆ ಮದುವೆಯಲ್ಲಿ ಬಂದ ಪಾತ್ರೆಯ ಮೇಲೆ ಕೊಟ್ಟವನ ಹೆಸರಿರುತ್ತದೆ, ಉಣ್ಣುವವಳದಲ್ಲ. ಆ ದಿನದ ಗದ್ದಲದಲ್ಲಿ ಪೊಲೀಸರಿಗೆ ಇದು ಹೊಳೆಯಲಿಲ್ಲ. ಒಂದು ಡಬ್ಬಿಯ ಮೇಲೆ ಮಲ್ಲಪ್ಪ, ಬಬಲೇಶ್ವರ ಎಂದಿತ್ತು. ಒಳಗಿದ್ದ ಹಮಾಲನಿರಬೇಕೆಂದು ಅವನ ಮನೆಗೆ ಸಾವಿನ ಸುದ್ದಿ ಮುಟ್ಟಿಸಿದರು. ಮಲ್ಲಪ್ಪ ಚಹಾದಂಗಡಿಯಲ್ಲಿ ಕೂತಿದ್ದ. ತಾನು ಸತ್ತ ಸುದ್ದಿ ಕೇಳಿ ಹೊಟ್ಟೆ ಹಿಡಿದು ನಕ್ಕ, ಕೂತವರಿಗೆಲ್ಲ ಚಹಾ ಹೇಳಿದ. ಡಬ್ಬಿ ಯಾವುದೆಂದು ನೆನಪಾಗುವಷ್ಟರಲ್ಲಿ ಚಹಾ ಬಂದಿತ್ತು. ಅದು ಅವನ ಅಕ್ಕ ನೀಲವ್ವನ ಮಗಳು ಸುಮಿತ್ರಾಳ ಮದುವೆಗೆ ಅವನೇ ಕೊಟ್ಟದ್ದು.

ಇದನ್ನು ನನಗೆ ಹೇಳಿದವಳು ಕಾಶವ್ವ. ಚೀಲದಲ್ಲಿ ಆರು ಡಬ್ಬಿ ತುಂಬಿಕೊಂಡು ಅಂಗಡಿಗೆ ಬಂದಿದ್ದಳು. ಹಳೆಯ ಹೆಸರನ್ನು ಉಜ್ಜಿ ತೆಗೆಯಲೇ ಎಂದು ಕೇಳಿದೆ.

“ಇದ್ದದ್ದು ಅಳಸಬ್ಯಾಡ್ರಿ ಸಾವ್ಕಾರ್ರ. ಕೊಟ್ಟವ್ರು ಕೊಟ್ಟಾರ. ಅದರ ಕೆಳಗ ಉಂಡಾಕಿ ಹೆಸರು ಹೊಡೀರಿ.”

“ಇದೆಲ್ಲಾ ಯಾತಕ್ಕ ಬೇ?” ಎಂದೆ.

“ಮ್ಯೂಸಿಯಂ ಮಾಡಾಕತ್ತೇನ್ರಿ.”

ವಿಜಯಪುರದವರಾದ ನಮಗೆ ಮ್ಯೂಸಿಯಂ ಎಂದರೆ ಗುಮ್ಮಟದ ಮುಂದಿರುವುದು. ನನ್ನ ಮುಖ ನೋಡಿಯೇ ಅವಳಿಗೆ ತಿಳಿಯಿತು. “ಬಾದಶಹರ ಸಾಮಾನಷ್ಟ ಇಡಬೇಕಂತ ಐತೇನ್ರಿ?” ಎಂದಳು.

ಹೆಸರು ಹೊಡೆದುಕೊಟ್ಟೆ. ಜೊತೆಗೆ ಸ್ಟೀಲಿನ ಒಂದು ರ‍್ಯಾಕನ್ನೂ ಕಳಿಸಿದೆ. ಅವಳು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, “ನಿಮ್ಮ ಹೆಸರು ಎಲ್ಲಿ ಹೊಡದೀರಿ?” ಎಂದು ಕೇಳಿದಳಂತೆ. ಎಲ್ಲೂ ಇಲ್ಲವೆಂದು ತಿಳಿದ ಮೇಲೆ, “ಹಂಗಾದ್ರ ಇರ್ಲಿ” ಎಂದು ಒಳಗಿಟ್ಟುಕೊಂಡಳು.

ತನ್ನ ಮನೆಯ ಪಡಸಾಲೆಯನ್ನೇ ಅವಳು ಮ್ಯೂಸಿಯಂ ಮಾಡಿದಳು. ಊರವರು ಅದನ್ನು ಡಬ್ಬಿ ಮನಿ ಎಂದರು. ಗೋಡೆಗೆ ಅವರು ತೊಡುತ್ತಿದ್ದ ಗಂಡಂದಿರ ಅಂಗಿಗಳು, ರ‍್ಯಾಕಿನಲ್ಲಿ ಆರು ಡಬ್ಬಿ, ಏಳನೆಯದಕ್ಕೆ ಜಾಗ. ಸುಮಿತ್ರಾಳ ಡಬ್ಬಿಯನ್ನು ನೀಲವ್ವ ಕೊಡಲಿಲ್ಲ. ಪ್ರತಿ ಅಮಾವಾಸ್ಯೆಗೆ ಕಾಶವ್ವ ಅವಳ ಹೊಸ್ತಿಲ ಮುಂದೆ ಹೋಗಿ ಕೂಡುತ್ತಿದ್ದಳು. ನೀಲವ್ವ ಒಂದೇ ಸಲ ಬಾಯಿಬಿಟ್ಟು, “ಜೀವಂತ ಇದ್ದಾಗ ಆಕೀನ್ನ ಒಯ್ದಿ. ಈಗ ಡಬ್ಬಿನೂ ಬೇಕೇನ ನಿನಗ?” ಎಂದಳಂತೆ. “ಖರೇನ ಅಂದಾಳ್ರಿ” ಎಂದು ಕಾಶವ್ವ ನನ್ನ ಮುಂದೆ ಹೇಳಿದಳು. ಆದರೂ ಮುಂದಿನ ಅಮಾವಾಸ್ಯೆಗೆ ಮತ್ತೆ ಹೋಗಿದ್ದಳು.

ಮಾಲೀಕ ಜಾಮೀನಿನ ಮೇಲೆ ಹೊರಗೆ ಬಂದ. ಕೇಸು ನಡೆಯುತ್ತಿದೆ ಎನ್ನುತ್ತಾರೆ; ನಡೆಯಲಿ. ಡಬ್ಬಿ ಮನಿಗೆ ನಾಲ್ಕು ಜನ ಬಂದು ಹೋಗುವುದು ಕಿವಿಗೆ ಬಿದ್ದ ಮೇಲೆ ಅವನಿಗೂ ಧರ್ಮದ ನೆನಪಾಯಿತು. ಊರ ಹಿರಿಯರ ಕೈಯಲ್ಲಿ ಒಂದು ಫ್ಯಾನು ಕಳಿಸಿದ, ಮೂರೂ ರೆಕ್ಕೆಯ ಮೇಲೆ ತನ್ನ ಹೆಸರು ಬರೆಸಿ. ಹಿರಿಯರು ಮುಂದೆ ನಿಂತು ತೂಗುಹಾಕಿಸಿದರು. ಅವರೆದುರು ಕಾಶವ್ವ ಬೇಡ ಎನ್ನಲಿಲ್ಲ. ಅವರು ಹೋದ ಮೇಲೆ ನನ್ನ ಕಿವಿಯಲ್ಲಿ, “ಈಗ ಗಾಳಿ ಕೊಡಾಕ ಬಂದಾನ” ಎಂದಳು.

ಆ ಫ್ಯಾನು ಒಂದು ದಿನವೂ ತಿರುಗಲಿಲ್ಲ. ಒಮ್ಮೆ ನಡುಬೇಸಿಗೆಯಲ್ಲಿ ಒಬ್ಬ ದೊಡ್ಡ ಅಧಿಕಾರಿ ನೋಡಲು ಬಂದಿದ್ದರು. ನಾನೂ ಇದ್ದೆ. ತಗಡಿನ ಮಾಡು, ನಮ್ಮ ಜಿಲ್ಲೆಯ ಬಿಸಿಲು. ಸಾಹೇಬರ ಅಂಗಿ ಬೆನ್ನಿಗೆ ಅಂಟಿತ್ತು. ಮೇಲೆ ನೋಡಿ ಸ್ವಿಚ್ಚಿಗೆ ಕೈ ಚಾಚಿದರು. ಕಾಶವ್ವ ಏನೋ ಅಂದಳು, ಕೇಳಿಸಲಿಲ್ಲ. ಅವರು ಬಗ್ಗಿ ಕಿವಿ ಕೊಟ್ಟರು.

“ಗಾಳಿ ಬೇಕಾತೇನ್ರಿ ಸಾಹೇಬ್ರ? ಅವ್ರಿಗೂ ಬೇಕಾಗಿತ್ರಿ.”

ಸಾಹೇಬರು ಕೈ ಹಿಂದಕ್ಕೆ ತೆಗೆದರು; ಆ ಮಾತು ಮುಂದೆ ಊರೆಲ್ಲ ಹಬ್ಬಿತು. ಮ್ಯೂಸಿಯಂಗೆ ಸರ್ಕಾರದಿಂದ ಏನಾದರೂ ಮಾಡುತ್ತೇವೆಂದು ಹೇಳಿ ಹೋದವರು ಮತ್ತೆ ಈ ಕಡೆ ಸುಳಿಯಲಿಲ್ಲ. ನನಗೆ ಸಿಟ್ಟು ಬಂದಿತ್ತು, ಅವಳಿಗೆ ಬಂದಿರಲಿಲ್ಲ. ಯಾರಿಂದಲೂ ಏನೂ ಬರುತ್ತದೆಂದು ಅವಳು ಕಾದವಳೇ ಅಲ್ಲ, ಏಳನೆಯ ಡಬ್ಬಿಯೊಂದನ್ನು ಬಿಟ್ಟು.

ಕೊನೆಯ ಸಲ ಅಂಗಡಿಗೆ ಬಂದಾಗ ಎರಡು ಮೆಟ್ಟಿಲು ಹತ್ತುವಷ್ಟರಲ್ಲಿ ಅವಳಿಗೆ ಉಸಿರು ಸಾಲಲಿಲ್ಲ. ಸ್ಟೂಲಿನ ಮೇಲೆ ಕೂರಿಸಿ ನೀರು ಕೊಟ್ಟೆ. ಆ ಗ್ಯಾಸು ಇವಳನ್ನೂ ಬಿಡುವುದಿಲ್ಲವೆಂದು ಕಣ್ಣಿಗೆ ಕಾಣುತ್ತಿತ್ತು. ಸಂಕಟ ತಡೆಯದೆ, “ನಾಳೆ ನಿನ್ನ ಡಬ್ಬೀನೂ ಅವರ ಸಾಲಿನಾಗ ಇಡಬೇಕು ಕಾಶವ್ವಾ” ಎಂದುಬಿಟ್ಟೆ.

ಅವಳು ಬಹಳ ಹೊತ್ತು ಕೆಮ್ಮಿದಳು. “ಬ್ಯಾಡ್ರಿ. ನಾ ಒಯ್ದಾಕಿ, ಹೋದಾಕಿ ಅಲ್ಲ. ಆ ಜಾಗಾ ನೀಲವ್ವನ ಮಗಳದು. ಕೊಟ್ರ ಕೊಡ್ಲಿ, ಬಿಟ್ರ ಬಿಡ್ಲಿ.”

ಮಳೆಗಾಲ ಮುಗಿಯುವಷ್ಟರಲ್ಲಿ ಅವಳು ತೀರಿಕೊಂಡಳು. ದವಾಖಾನೆಯವರು ಹಳೆಯ ಕೆಮ್ಮು ಅಂದರು. ಗ್ಯಾಸಿಗೆ ಸತ್ತವರು ಸರ್ಕಾರದ ಪ್ರಕಾರ ಇಂದಿಗೂ ಏಳೇ ಮಂದಿ.

ಡಬ್ಬಿ ಮನಿಗೆ ಕೀಲಿ ಬಿದ್ದಿರುತ್ತದೆ ಎಂದುಕೊಂಡೇ ನಾನು ಈ ಬೇಸಿಗೆಯಲ್ಲಿ ಜೈನಾಪುರಕ್ಕೆ ಹೋದೆ. ಬಾಗಿಲು ತೆರೆದಿತ್ತು. ಕಾಶವ್ವನ ಚಾಪೆಯ ಮೇಲೆ ನೀಲವ್ವ ಕೂತು ಉಣ್ಣುತ್ತಿದ್ದಳು. ಮುಂದಿದ್ದ ಡಬ್ಬಿಯ ಮೇಲೆ ಮಲ್ಲಪ್ಪ, ಬಬಲೇಶ್ವರ ಎಂದಿತ್ತು. ಅಕ್ಷರ ಸವೆದಿದ್ದವು. ಅವಳು ಇಷ್ಟು ದಿನ ಡಬ್ಬಿಯನ್ನು ಪೆಟ್ಟಿಗೆಯಲ್ಲಿ ಮುಚ್ಚಿಟ್ಟಿದ್ದಾಳೆಂದು ನಾವೆಲ್ಲ ತಿಳಿದಿದ್ದೆವು. ಅವಳು ದಿನವೂ ಅದರಲ್ಲೇ ಉಂಡಿದ್ದಳು.

ನನ್ನ ಕಣ್ಣು ರ‍್ಯಾಕಿನ ಖಾಲಿ ಜಾಗಕ್ಕೆ ಹೋದದ್ದನ್ನು ಅವಳು ನೋಡಿದಳು. “ಇದನ್ನ ಇಡಾಕ ಬಂದಿಲ್ರಿ. ಕೀಲಿ ತಗಿಯವ್ರು ಯಾರೂ ಇರಲಿಲ್ಲ, ಅದಕ್ಕ ಬಂದೀನಿ. ಬಾಗಲಾ ಹಾಕಿದ್ದು ನನ್ನ ಕಡಿಂದ ನೋಡಾಕ ಆಗೂದಿಲ್ಲ.”

ನಾನು ಗೋಡೆಗೆ ಒರಗಿ ಕೂತೆ. ಬೆವರು ಕಣ್ಣಿಗೆ ಇಳಿಯುತ್ತಿತ್ತು. ಎಲ್ಲ ಗೊತ್ತಿದ್ದೂ ಕೈ ತಾನಾಗಿ ಸ್ವಿಚ್ಚಿನ ಕಡೆ ಹೋಯಿತು.

“ಗಾಳಿ ಬೇಕಾತೇನ್ರಿ?”

ನೀಲವ್ವ ರೊಟ್ಟಿ ಮುರಿಯುತ್ತಲೇ ಕೇಳಿದ್ದಳು. ನಾನು ಬಗ್ಗಿ ಕಿವಿ ಕೊಡಬೇಕಾಗಿರಲಿಲ್ಲ. ಅವಳ ದನಿ ಗಟ್ಟಿಯಾಗಿತ್ತು.