ಕಮ್ಮಿ ವೋಲ್ಟೇಜಿನ ಗಿಟಾರು

ಮದ್ದೂರು ರೈಲ್ವೆ ಸ್ಟೇಷನ್ನಿನಲ್ಲಿ ಆ ಗಿಟಾರಿನ ಆಂಪ್ಲಿಫೈಯರು ಪೆಟ್ಟಿಗೆಯನ್ನು ನನಗೆ ಮಾರಿದವನು ಒಂದೇ ಮಾತು ಹೇಳಿದ್ದ: ಒಳಗೆ ಹಳೆಯ ರೇಡಿಯೋದಲ್ಲಿರುತ್ತಿದ್ದಂಥ ಗಾಜಿನ ವಾಲ್ವುಗಳಿವೆ, ಮಗುವನ್ನು ಎತ್ತಿಕೊಂಡ ಹಾಗೆ ಎತ್ತಿಕೊಂಡು ಹೋಗಿ. ಹಾಗೆಯೇ ಮಳವಳ್ಳಿ ಬಸ್ಸಿನಲ್ಲಿ ಅದನ್ನು ತೊಡೆಯ ಮೇಲೆ ಕೂರಿಸಿಕೊಂಡೆ. ಕಂಡಕ್ಟರು ಅದಕ್ಕೂ ಲಗೇಜು ಟಿಕೆಟ್ಟು ಹರಿದ. ಹೆಂಗಸಾಗಿ ಹುಟ್ಟಿದ್ದರೆ ಅದರ ಪ್ರಯಾಣವಾದರೂ ಬಿಟ್ಟಿಯಾಗುತ್ತಿತ್ತು.

ನಾನು ಮಳವಳ್ಳಿಯ ಹೈಸ್ಕೂಲೊಂದರಲ್ಲಿ ಗಣಿತದ ಮೇಷ್ಟ್ರು. ಮಂಡ್ಯದಲ್ಲಿ ಬಿ.ಎಸ್ಸಿ. ಓದುವಾಗ ಗಿಟಾರು ಹಿಡಿದವನು ಇಪ್ಪತ್ತು ವರ್ಷವಾದರೂ ಬಿಟ್ಟಿರಲಿಲ್ಲ. ಅದೂ ನನ್ನನ್ನು ಬಿಟ್ಟಿರಲಿಲ್ಲ, ಆದರೆ ಒಲಿದೂ ಇರಲಿಲ್ಲ. ದೋಷ ನನ್ನ ಬೆರಳುಗಳದ್ದಲ್ಲ, ನನ್ನ ಹಳೆಯ ಅಗ್ಗದ ಆಂಪ್ಲಿಫೈಯರಿನದು ಎಂದು ತೀರ್ಮಾನಿಸಿದೆ. ದೋಷವನ್ನು ಸಾಮಾನಿನ ಮೇಲೆ ಹಾಕುವುದು ಎಷ್ಟು ನೆಮ್ಮದಿಯೆಂಬುದು ಸಂಬಳ ಬರುವವರಿಗೆ ಮಾತ್ರ ಗೊತ್ತು. ವಾಲ್ವಿನ ಆಂಪ್ಲಿಫೈಯರಾದರೆ ಗಿಟಾರು ಮನುಷ್ಯನ ಗಂಟಲಿನ ಹಾಗೆ ಹಾಡುತ್ತದೆಂದು ಮೊಬೈಲಿನಲ್ಲಿ ಎಲ್ಲರೂ ಆಣೆ ಮಾಡಿ ಹೇಳುತ್ತಿದ್ದರು. ಅಂಥವುಗಳಲ್ಲಿ ಎಲ್ಲಕ್ಕಿಂತ ಅಗ್ಗದ್ದನ್ನು ಕೊಂಡೆ. ಐದು ವ್ಯಾಟು.

ನಮ್ಮ ಮನೆ ಬೆಳಕವಾಡಿ ರಸ್ತೆಯ ಒಂದು ಹಳ್ಳಿಯಾಚೆ, ಗದ್ದೆಯ ಬದಿಯಲ್ಲಿದೆ. ಅಲ್ಲಿಗೆ ತಂದು, ಸ್ವಿಚ್ಚು ಹಾಕಿ, ವಾಲ್ವುಗಳು ಕೆಂಪಾಗುವುದನ್ನು ಭಕ್ತಿಯಿಂದ ನೋಡಿ, ತಂತಿ ಮೀಟಿದೆ. ತಗಡಿನ ಡಬ್ಬದಲ್ಲಿ ಕಲ್ಲು ಹಾಕಿ ಅಲ್ಲಾಡಿಸಿದಂತೆ ಸದ್ದು ಬಂತು.

ಆಮೇಲಿನ ಎರಡು ತಿಂಗಳು ನನ್ನ ಸಂಶೋಧನೆಯ ಕಾಲ. ಪೆಟ್ಟಿಗೆಯನ್ನು ಕುರ್ಚಿಯ ಮೇಲಿಟ್ಟೆ, ಇಟ್ಟಿಗೆಯ ಮೇಲಿಟ್ಟೆ, ರಾಗಿಮೂಟೆಯ ಮೇಲಿಟ್ಟೆ. ಮೂಲೆಗೆ ತಿರುಗಿಸಿದೆ. ಹೊಸ ವಾಲ್ವು ತರಿಸಿದೆ. ಮೆರವಣಿಗೆಗಳಿಗೆ ಸೌಂಡು ಹಾಕುವ ಮದ್ದೂರಿನವನೊಬ್ಬನನ್ನು ಕರೆತಂದು ತೋರಿಸಿದೆ. ಅವನು ಐದು ವ್ಯಾಟು ಎಂಬುದನ್ನು ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡು, ನನ್ನ ಕಡೆ ಕನಿಕರದಿಂದ ನೋಡಿ, ಕಾಫಿ ಕುಡಿದು ಹೋದ. ಅವನ ಪೆಟ್ಟಿಗೆಗಳು ಕೂಗಿದರೆ ಹಸುಗಳು ಹಗ್ಗ ಕಿತ್ತುಕೊಳ್ಳುತ್ತವೆ. ನನ್ನದಕ್ಕೆ ಕೋಳಿಯೂ ತಲೆಯೆತ್ತುತ್ತಿರಲಿಲ್ಲ. ನನ್ನ ಹೆಂಡತಿ ಒಂದು ದಿನ ತಣ್ಣಗೆ, ರಾಗಿಮೂಟೆ ವಾಪಸ್ಸು ಕೊಡಿ, ಮುದ್ದೆ ಮಾಡಬೇಕು ಎಂದಳು.

ಹಾಗಿರುವಾಗ ಒಂದು ಸಂಜೆ ಅದು ಹಾಡಿಬಿಟ್ಟಿತು. ನಾನು ಏನೂ ಮಾಡಿರಲಿಲ್ಲ. ಒಂದು ಸ್ವರ ಹಿಡಿದರೆ ಅದು ಒಡೆಯದೆ, ಹಿಗ್ಗಿ, ಸ್ವಲ್ಪ ಒರಟಾಗಿ, ನಿಧಾನವಾಗಿ ಕರಗಿತು. ನನಗೆ ಕಣ್ಣಲ್ಲಿ ನೀರೇ ಬಂತು. ಅದನ್ನು ಮುಚ್ಚಿಟ್ಟು ಏನಾಗಬೇಕು. ಮರುದಿನ ಬೆಳಿಗ್ಗೆ ಮತ್ತೆ ತಗಡಿನ ಡಬ್ಬ. ಸಂಜೆ ಮತ್ತೆ ಹಾಡು. ಮೂರನೆಯ ಸಂಜೆ ತಲೆಯ ಮೇಲಿನ ಬಲ್ಬು ಮಂಕಾಗಿರುವುದು ಕಣ್ಣಿಗೆ ಬಿತ್ತು. ಫ್ರಿಜ್ಜಿನ ಸ್ಟೆಬಿಲೈಸರು ನೂರ ಅರವತ್ತೈದು ವೋಲ್ಟು ತೋರಿಸುತ್ತಿತ್ತು.

ಗಣಿತದ ಮೇಷ್ಟ್ರಿಗೆ ಇನ್ನೇನು ಬೇಕು. ನಮ್ಮ ಮನೆಗೂ ಸುತ್ತಲಿನ ಪಂಪ್‌ಸೆಟ್ಟುಗಳಿಗೂ ಒಂದೇ ಟ್ರಾನ್ಸ್‌ಫಾರ್ಮರು. ನಡುರಾತ್ರಿ ಬರುತ್ತಿದ್ದ ಪಂಪಿನ ತ್ರೀ ಫೇಸ್ ಕರೆಂಟು ಆ ವಾರದಿಂದ ಸಂಜೆಗೆ ಬದಲಾಗಿತ್ತು. ಅದು ಬಂದ ಕೂಡಲೇ ಎಲ್ಲರೂ ಓಡಿಹೋಗಿ ಮೋಟಾರು ಹಾಕುತ್ತಾರೆ, ವೋಲ್ಟೇಜು ನೆಲಕಚ್ಚುತ್ತದೆ, ವಾಲ್ವುಗಳು ಬಳಲುತ್ತವೆ, ಬಳಲಿದ ವಾಲ್ವು ಚೆನ್ನಾಗಿ ಹಾಡುತ್ತದೆ. ಓದಿ ನೋಡಿದರೆ, ಪರದೇಶದವರು ಇದೇ ಸದ್ದಿಗಾಗಿ ಕರೆಂಟು ಇಳಿಸುವ ಯಂತ್ರವನ್ನೇ ಕೊಳ್ಳುತ್ತಾರಂತೆ. ನಮಗೆ ಆ ಸೌಲಭ್ಯ ಹುಟ್ಟಿದಾಗಿನಿಂದಲೂ ಇತ್ತು, ನಾವು ಬೈಯುತ್ತಾ ಕೂತಿದ್ದೆವು.

ಬೈಯುವವರಲ್ಲಿ ಮೊದಲಿಗ ನನ್ನ ಅಣ್ಣ, ದೊಡ್ಡಪ್ಪನ ಮಗ. ಪಕ್ಕದ ಕಬ್ಬಿನ ಗದ್ದೆ ಅವನದು. ಒಂದು ದಿನ ಬಂದು, ಎಲ್ಲರೂ ಸೇರಿ ದೊಡ್ಡ ಟ್ರಾನ್ಸ್‌ಫಾರ್ಮರು ಕೇಳೋಣ, ನೀನು ಅರ್ಜಿ ಬರಿ ಎಂದ. ನಮ್ಮಲ್ಲಿ ಯಾವ ಆಫೀಸಿನ ಅರ್ಜಿಯಿದ್ದರೂ ಮೇಷ್ಟ್ರೇ ಬರೆಯಬೇಕು. ಬೇರೆಯವರು ಬರೆದದ್ದನ್ನು ಆಫೀಸಿನವರು ಓದುವುದಿಲ್ಲವೆಂದು ಊರಿಗೆ ಊರೇ ನಂಬಿದೆ. ನಾನು ಬರೆದದ್ದನ್ನೂ ಅವರು ಓದಿದ್ದು ನಾನು ಕಂಡಿಲ್ಲ, ಆ ಮಾತು ಬೇರೆ.

ಬರೆಯಲು ಹತ್ತು ನಿಮಿಷ ಸಾಕಿತ್ತು. ನಾನು ಮೂರು ವಾರ ತೆಗೆದುಕೊಂಡೆ. ಮೊದಲು ಪರೀಕ್ಷೆಯ ಪೇಪರು ಎಂದೆ. ಆಮೇಲೆ ಎಲ್ಲರ ಸರ್ವೆ ನಂಬರು ಬೇಕೆಂದೆ. ತಂದುಕೊಟ್ಟರೆ ಕರೆಂಟು ಕನೆಕ್ಷನ್ನಿನ ಆರ್.ಆರ್. ನಂಬರು ಎಂದೆ. ಅದನ್ನೂ ತಂದರೆ, ಇಂಥದ್ದನ್ನು ಅವಸರದಲ್ಲಿ ಬರೆಯಬಾರದು ಎಂದೆ. ಅವರು ತಲೆಯಾಡಿಸಿದರು, ಓದಿದವನು ಹೇಳಿದ ಮೇಲೆ ಇರಬೇಕು ಎಂದುಕೊಂಡರು. ಅವರು ಅತ್ತ ಹೋದ ಮೇಲೆ ನಾನು ಒಳಗೆ ಹೋಗಿ, ಬಲ್ಬು ಮಂಕಾಗಿದೆಯೇ ನೋಡಿ, ಗಿಟಾರು ಎತ್ತಿಕೊಳ್ಳುತ್ತಿದ್ದೆ.

ನಾಲ್ಕನೆಯ ವಾರ ಅಣ್ಣನ ಮೋಟಾರು ಸುಟ್ಟಿತು. ಕಮ್ಮಿ ವೋಲ್ಟೇಜಿನಲ್ಲಿ ತಿಣುಕಿ ತಿಣುಕಿ ಕಾಯಿಲು ಕರಕಲಾಗಿತ್ತು. ಮಳವಳ್ಳಿಯ ರಿವೈಂಡಿಂಗ್ ಅಂಗಡಿಗೆ ಸಾಗಿಸಲು ನಾನೂ ಒಂದು ಕೈ ಕೊಟ್ಟೆ. ದಾರಿಯುದ್ದಕ್ಕೂ ಅವನು ಲೈನ್‌ಮ್ಯಾನನ್ನು ಬೈದ, ಆಫೀಸನ್ನು ಬೈದ, ತನ್ನ ಹಣೆಬರಹವನ್ನೂ ಬೈದ. ನನ್ನನ್ನು ಮಾತ್ರ ಬೈಯಲಿಲ್ಲ. ಅಂಗಡಿಯ ಮುಂದೆ ನನಗೊಂದು ಟೀ ಕೊಡಿಸಿದ. ನನಗೆ ನಾಚಿಕೆಯಾಯಿತು. ಇಷ್ಟು ವಯಸ್ಸಿನಲ್ಲಿ ಅಷ್ಟು ನಾಚಿಕೆಯಾದದ್ದು ಅದೇ ಮೊದಲು.

ಮನೆಗೆ ಬಂದವನೇ ಹತ್ತೇ ನಿಮಿಷದಲ್ಲಿ ಅರ್ಜಿ ಬರೆದೆ. ಮನೆಮನೆಗೆ ಹೋಗಿ ಸಹಿ, ಹೆಬ್ಬೆಟ್ಟು ಹಾಕಿಸಿದೆ. ರಜೆ ಹಾಕಿ ಮಳವಳ್ಳಿಯ ಆಫೀಸಿಗೆ ನಾನೇ ಕೊಟ್ಟೆ. ನನ್ನ ದುರದೃಷ್ಟಕ್ಕೆ, ಎಂದೂ ಓದದವರು ಆ ಸಲ ಓದಿಬಿಟ್ಟರು. ಸುಗ್ಗಿಯೊಳಗೆ ಹೊಸ ಟ್ರಾನ್ಸ್‌ಫಾರ್ಮರು ಬಂತು. ಕಂಬಕ್ಕೆ ಅರಿಸಿನ ಕುಂಕುಮ ಹಚ್ಚಿ, ಹಾರ ಹಾಕಿ, ಊದುಬತ್ತಿ ಬೆಳಗಿದರು. ತೆಂಗಿನಕಾಯಿ ಒಡೆಯುವ ಗೌರವ ಅರ್ಜಿ ಬರೆದ ಮೇಷ್ಟ್ರಿಗೇ ಸಿಕ್ಕಿತು. ನನ್ನ ಹಾಡಿನ ತಿಥಿಗೆ ನಾನೇ ಕಾಯಿ ಒಡೆದೆ. ಎರಡು ಹೋಳು ಸಮನಾಗಿ ಬಂತೆಂದು ಎಲ್ಲರೂ ಮೆಚ್ಚಿದರು.

ಅಂದಿನ ಸಂಜೆಯಿಂದ ಇನ್ನೂರ ಮೂವತ್ತು ವೋಲ್ಟು, ಒಂದೂ ಕಮ್ಮಿಯಿಲ್ಲ. ಬಲ್ಬು ಧಗಧಗ. ಗಿಟಾರು ತಗಡಿನ ಡಬ್ಬ.

ಹದಿನೈದು ದಿನ ಕಳೆದ ಮೇಲೆ ಅಣ್ಣ ಗದ್ದೆಯಿಂದ ಕಾಲು ತೊಳೆದುಕೊಂಡು ಬಂದು ನಮ್ಮ ಜಗಲಿಯ ಮೇಲೆ ಕೂತ.

"ಏನ್ಲಾ, ನಿನ್ ಪೆಟ್ಗೆ ಕೆಟ್ಟೋಯ್ತಾ?"

ಇಲ್ಲವಲ್ಲ, ಯಾಕೆ ಎಂದೆ.

"ಮೊದ್ಲಂಗಿಲ್ಲ ಕಣ್ಲಾ. ಸಂಜೆ ಒತ್ತು ಮೋಟ್ರು ಆಕ್ಬುಟ್ಟು, ಬದಿನ್ ಮೇಲ್ ಕುಂತು ಕೇಳ್ತಿದ್ದೆ. ಎಷ್ಟ್ ಸಂದಾಗಿತ್ತು."

ಆ ಸಂಜೆಗಳಲ್ಲೆಲ್ಲ ನಾನು ಕೇಳುವವರಿಲ್ಲ ಎಂದುಕೊಂಡು ನುಡಿಸಿದ್ದೆ. ಇನ್ನು ತಡೆಯಲಾಗಲಿಲ್ಲ. ಬಲ್ಬಿನಿಂದ ಹಿಡಿದು ಆರ್.ಆರ್. ನಂಬರಿನವರೆಗೆ ಎಲ್ಲವನ್ನೂ ಅವನಿಗೆ ಹೇಳಿದೆ. ಅವನ ಮೋಟಾರು ಸುಟ್ಟ ಕಮ್ಮಿ ವೋಲ್ಟೇಜಿನಿಂದಲೇ ನನ್ನ ಹಾಡು ಬರುತ್ತಿತ್ತು, ಅದು ನನಗೆ ಗೊತ್ತಿದ್ದೂ ಸುಮ್ಮನಿದ್ದೆ ಎಂದೂ ಹೇಳಿದೆ. ಅವನು ಕಂಬದ ಕಡೆ ತಿರುಗಿ ನೋಡಿದ. ಹೊಸ ಟ್ರಾನ್ಸ್‌ಫಾರ್ಮರು ಗುಂಯ್ ಎನ್ನುತ್ತಿತ್ತು.

"ಅಂಗಾರೆ ನನ್ ಮೋಟ್ರು ಸುಟ್ಟಿದ್ದು ನಿನ್ ಪದುಕ್ಕೆ."

ಹೂಂ ಅಣ್ಣ, ಎಂದೆ. ಎದ್ದು ಹೋಗುತ್ತಾನೆ, ಇನ್ನು ಈ ಜಗಲಿ ಹತ್ತುವುದಿಲ್ಲ ಎಂದುಕೊಂಡೆ. ಅವನು ಕಾಲು ಮೇಲೆತ್ತಿಕೊಂಡು, ಗೋಡೆಗೆ ಸರಿಯಾಗಿ ಒರಗಿದ.

"ಅದ್ನ ತಂದು ಇಲ್ಲಿ ನುಡ್ಸು ಮತ್ತೆ. ಒಂದ್ ಮೋಟ್ರೇ ಓಯ್ತು ಅದುಕ್ಕೆ, ಸುಮ್ಕೆ ಬುಡಾಕಾಯ್ತದಾ."

ಪೆಟ್ಟಿಗೆಯನ್ನು ಜಗಲಿಗೆ ತಂದು, ವಾಲ್ವು ಬಿಸಿಯಾಗುವವರೆಗೆ ಕಾದು, ನುಡಿಸಿದೆ. ಇನ್ನೂರ ಮೂವತ್ತು ವೋಲ್ಟಿನಲ್ಲಿ ಸದ್ದು ಕೆಟ್ಟದಾಗಿಯೇ ಇತ್ತು. ಅವನು ಕೊನೆಯವರೆಗೂ ಕೂತಿದ್ದ.