ಮೂವತ್ತೊಂದು ಅಂಕದ ಹಾಳೆ

“ನಾನೇ ಪಾಸಾಗಲಿಲ್ಲಂದ್ರ, ಈ ಮಕ್ಕಳು ಹ್ಯಾಂಗ ಪಾಸಾಗಬೇಕು?”

ಭಾಲ್ಕಿಯ ಒಂದು ಪ್ರೌಢಶಾಲೆಯ ಖಾಲಿ ಕೋಣೆಯಲ್ಲಿ, ರವಿವಾರದ ಮಧ್ಯಾಹ್ನ, ಅಬ್ದುಲ ಸಮದ ಮಾಸ್ತರರು ಹೀಗೆ ಗಟ್ಟಿಯಾಗಿ ಕೇಳಿದರು. ಉತ್ತರ ಕೊಡಲು ಅಲ್ಲಿ ಬೆಂಚುಗಳ ಹೊರತು ಯಾರೂ ಇರಲಿಲ್ಲ. ಕನ್ನಡ ಕಲಿಸುತ್ತಿದ್ದ ಏಕನಾಥ ಮಾಸ್ತರರು ಅದೇ ಹೊತ್ತಿಗೆ ಬಾಗಿಲ ಬಳಿ ಬಂದು ನಿಂತಿದ್ದರಿಂದ ಆ ಪ್ರಶ್ನೆ ಅವರ ಕಿವಿಗೆ ಬಿತ್ತು. ಇಪ್ಪತ್ತೆರಡು ವರ್ಷ ಅಲ್ಲೇ ಉಳಿದು, ಇಂದು ಈ ಅಭಿನಂದನ ಗ್ರಂಥಕ್ಕೆ ಬಂದಿದೆ.

ಬೀದರ, ಭಾಲ್ಕಿ, ಔರಾದಗಳಲ್ಲಿ ಗಣಿತವೆಂದರೆ ಸಮದ ಮಾಸ್ತರರು ಎಂದು ಮೂವತ್ನಾಲ್ಕು ವರ್ಷಗಳಿಂದ ಜನ ಹೇಳುತ್ತ ಬಂದಿದ್ದಾರೆ. ಆ ಮೂರು ಊರುಗಳಲ್ಲಿ ಅಳತೆಯ ಸರಪಳಿ ಹಿಡಿದವರಲ್ಲಿ, ಸೇತುವೆಯ ನಕ್ಷೆ ಬರೆದವರಲ್ಲಿ, ಕರಿಹಲಗೆಯ ಮುಂದೆ ಸುಣ್ಣದ ಕಡ್ಡಿ ಹಿಡಿದು ನಿಂತವರಲ್ಲಿ ಅವರ ಕೈಕೆಳಗೆ ಪೆಟ್ಟು ತಿನ್ನದವರು ಸಿಗುವುದು ಕಷ್ಟ. ಪೆಟ್ಟು ತಿಂದು ನೊಂದವರು ಸಿಗುವುದು ಅದಕ್ಕಿಂತ ಕಷ್ಟ. ಇಂಥವರು ಸೇವೆಯಿಂದ ನಿವೃತ್ತರಾಗುವಾಗ ಅವರ ಜಾಣ್ಮೆಯನ್ನು ಹೊಗಳುವವರು ಬಹಳ ಮಂದಿ ಇದ್ದಾರೆ. ಈ ಲೇಖನ ಅವರ ಅಂಜಿಕೆಯ ಕುರಿತದ್ದು.

ಸಮದ ಮಾಸ್ತರರು ನೌಕರಿಗೆ ಸೇರಿದ್ದು ಔರಾದದಲ್ಲಿ, ನಿಜಾಮರ ಕಾಲದಲ್ಲಿ. ಕಲಿತದ್ದೆಲ್ಲ ಉರ್ದುವಿನಲ್ಲಿ, ಕಲಿಸಿದ್ದೂ ಉರ್ದುವಿನಲ್ಲಿ. ಕುರಿಗಾರರ ಮಕ್ಕಳು ಸಾಲೆಗೆ ಬಾರದಿದ್ದರೆ ಅವರೇ ಬಯಲಿಗೆ ಹೋಗಿ, ಹಿಂಡು ದೊಡ್ಡಿಗೆ ಹೋಗುವ ಹೊತ್ತಿಗೆ ನಿಂತು, ಹೋದ ಕುರಿ ಬಂದ ಕುರಿಗಳ ಮೇಲೆ ಕೂಡುವ ಕಳೆಯುವ ಲೆಕ್ಕ ಹೇಳಿಕೊಟ್ಟರು. ನಲವತ್ತೆಂಟರಲ್ಲಿ ನಿಜಾಮರ ಆಳ್ವಿಕೆ ಮುಗಿದ ದಿನಗಳ ಬಗ್ಗೆ ಅವರು ಯಾರ ಮುಂದೆಯೂ ಒಂದು ಮಾತು ಆಡಿದವರಲ್ಲ. ಆ ಮೇಲೆ ಭಾಲ್ಕಿಗೆ ವರ್ಗವಾಗಿ ಬಂದರು. ಬಂದವರು ಸಂಜೆ ಹೊತ್ತು ಪುರಾಣ ಓದುವ ಕಟ್ಟೆಯ ಹೊರಗೆ, ಟೊಪ್ಪಿಗೆ ಮಡಿಲಲ್ಲಿಟ್ಟುಕೊಂಡು, ಪದ್ಯ ಕೇಳುತ್ತ ಕೂತರು. ಹಾಗೆ ಕೇಳಿ ಕೇಳಿಯೇ ಅವರಿಗೆ ಕನ್ನಡ ಬಂತು. ಬಂತು ಎಂದರೆ ಓದಲು ಬಂತು, ಬರೆಯಲು ಬಂತು. ಎಣಿಕೆ ಮಾತ್ರ ಒಳಗೊಳಗೇ ಉರ್ದುವಿನಲ್ಲಿ ನಡೆಯುತ್ತಿತ್ತು.

ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಮರುವರ್ಷ ಹೊಸ ಪರೀಕ್ಷೆ ಬಂತು. ಅದರಲ್ಲಿ ಎಲ್ಲರೂ ಬರೆಯಬೇಕಾದ ಸಾದಾ ಗಣಿತವೊಂದು. ಅದರ ಮೇಲೆ, ಮುಂದೆ ಕಾಲೇಜಿನಲ್ಲಿ ವಿಜ್ಞಾನ ಓದುವವರು ಆರಿಸಿಕೊಳ್ಳಬೇಕಾದ ಐಚ್ಛಿಕ ಗಣಿತ ಇನ್ನೊಂದು. ಊರಿನ ಬಾಯಲ್ಲಿ ಅವು ಸಣ್ಣ ಲೆಕ್ಕ, ದೊಡ್ಡ ಲೆಕ್ಕ ಆದವು. ದೊಡ್ಡ ಲೆಕ್ಕ ಬೇಡವೆಂದವರಿಗೆ ಇತಿಹಾಸವಿತ್ತು. ಯಾರೂ ಕಂಡಿರದ ಆ ಪರೀಕ್ಷೆಯ ಬಗ್ಗೆ ಎಲ್ಲರಿಗೂ ಎಲ್ಲ ಗೊತ್ತಿತ್ತು: ದೊಡ್ಡ ಲೆಕ್ಕ ತಗೊಂಡವನು ಮುಳುಗಿದ, ಇತಿಹಾಸ ತಗೊಂಡವನು ದಡ ಸೇರಿದ.

ಸಮದ ಮಾಸ್ತರರು ಕೇಳಿದ ಮಾತನ್ನು ಅಳೆಯದೆ ನಂಬುವವರಲ್ಲ. ಕಂದು ಬಣ್ಣದ ದೊಡ್ಡ ಕಾಗದವೊಂದನ್ನು ಗೋಡೆಗೆ ಹಚ್ಚಿ, ಗೆರೆ ಎಳೆದು ಮನೆಗಳನ್ನು ಮಾಡಿದರು. ಹಳೆ ಮೈಸೂರಿನ ಕಡೆಯ ಗುರುತಿನವರಿಗೆ ಪತ್ರ ಬರೆದು, ಯಾವ ವಿಷಯಕ್ಕೆ ಎಷ್ಟು ಮಕ್ಕಳು ಕೂತರು, ಎಷ್ಟು ಪಾಸಾದರು ಎಂದು ತರಿಸಿ ತುಂಬಿದರು. ನೂರಕ್ಕೆ ಎಂಬತ್ತು ಮಂದಿ ಇತಿಹಾಸದ ಕಡೆಗೇ ಇದ್ದರು; ಆದರೆ ಪಾಸಿನ ಪ್ರಮಾಣದಲ್ಲಿ ಎರಡಕ್ಕೂ ಹೇಳಿಕೊಳ್ಳುವಂಥ ಅಂತರವಿರಲಿಲ್ಲ. ಹಾಗಿದ್ದರೆ ಜನ ಅಂಜುವುದೇಕೆ? ಕೊನೆಯ ಮನೆಗೆ ‘ಕಷ್ಟ’ ಎಂದು ಹೆಸರಿಟ್ಟು, ಅದನ್ನು ತುಂಬಲು ಅವರು ತಮ್ಮ ಹಳೆಯ ಪದ್ಧತಿಗೇ ಹೋದರು. ಮಕ್ಕಳನ್ನು ಕೂರಿಸುವ ಯಾವ ಪರೀಕ್ಷೆಗೂ ಮೊದಲು ತಾವು ಕೂಡದೆ ಬಿಟ್ಟವರಲ್ಲ ಅವರು. ಹುಡುಗರ ಬೆಂಚಿನ ಮೇಲೆ ಮೊಣಕಾಲು ಮಡಚಿ, ಗಡಿಯಾರ ಎದುರಿಗಿಟ್ಟು, ಮೂರು ತಾಸು ಬರೆದು, ಅಂಕ ಹಾಕಲು ಉತ್ತರಪಟ್ಟಿಯೊಡನೆ ಏಕನಾಥರ ಕೈಗೆ ಕೊಡುವರು. ದಾಕ್ಷಿಣ್ಯ ಮಾಡಿದರೆ ಮಾತು ಬಿಡುವೆನೆಂದು ಆಣೆ ಹಾಕಿಸುವರು.

ಇತಿಹಾಸದಲ್ಲಿ ಐವತ್ತೆರಡು ಬಂತು. ದೊಡ್ಡ ಲೆಕ್ಕದಲ್ಲಿ ಮೂವತ್ತೊಂದು. ಪಾಸಿಗೆ ಬೇಕಾದದ್ದು ಮೂವತ್ತೈದು.

ಆ ರವಿವಾರದ ಪ್ರಶ್ನೆ ಈ ಅಂಕ ನೋಡಿ ಹುಟ್ಟಿದ್ದು. ಮಕ್ಕಳಿಗೆ ತಮ್ಮ ಅಂಕ ಹೇಳದೆ, ಮಾಸ್ತರರು ಗೋಡೆಯ ಕಾಗದದ ‘ಕಷ್ಟ’ದ ಮನೆಯಲ್ಲಿ ದೊಡ್ಡ ಲೆಕ್ಕದ ಎದುರು ‘ಬಹಳ’ ಎಂದು ಬರೆದರು. ಹೊಸ ರಾಜ್ಯದ ಮೊದಲ ಫಲಿತಾಂಶ ಕೆಡಬಾರದೆಂದು ಮುಖ್ಯ ಗುರುಗಳೂ ಒಂದೇ ಸವನೆ ಹೇಳುತ್ತಿದ್ದರು. ದೊಡ್ಡ ಲೆಕ್ಕ ಬರೆಯುವೆವೆಂದ ಮೂವರಲ್ಲಿ ಇಬ್ಬರು ಗೋಡೆಯ ಕಾಗದ ನೋಡಿ ಹಿಂದೆ ಸರಿದರು. ಉಳಿದವಳು ಔರಾದ ಕಡೆಯ ಕುರಿಗಾರ ಹಾವಗೆಪ್ಪನ ಮಗಳು, ಭಾಲ್ಕಿಯಲ್ಲಿ ಸೋದರತ್ತೆಯ ಮನೆಯಲ್ಲಿದ್ದು ಓದುತ್ತಿದ್ದ ಸಖುಬಾಯಿ. ಇಪ್ಪತ್ತೊಂದು ಮಂದಿ ಒಂದು ಕಡೆ, ಆಕೆಯೊಬ್ಬಳು ಒಂದು ಕಡೆ.

ಹಾವಗೆಪ್ಪ ಬಂದು ಮಾಸ್ತರರ ಎದುರಿಗೇ ಹೇಳಿ ಹೋಗಿದ್ದ: “ಪಾಸಾದ್ಲಂದ್ರ ಬೀದರಕ್ಕ ಕಳಸ್ತೀನ್ರಿ, ಎಷ್ಟರ ಓದಲಿ. ಫೇಲಾದ್ಲಂದ್ರ ನಮ್ಮಕ್ಕನ ಮಗ ಕಾಯಲಿಕ್ಹತ್ಯಾನ, ಅಕ್ಕಿಕಾಳು ಹಾಕ್ತೀನಿ.”

ಫಾರಂ ಕಳಿಸುವ ಕೊನೆಯ ದಿನ ಮಾಸ್ತರರು ಆಕೆಯನ್ನು ಕರೆದರು. ಲೇಖನಿ ಬಿಚ್ಚಿ, ಫಾರಮ್ಮಿನ ವಿಷಯದ ಮನೆಯ ಮೇಲೆ ಹಿಡಿದರು.

“ಬೇಟಿ, ಇನ್ನೂ ವ್ಯಾಳ್ಯಾ ಅದ. ಇತಿಹಾಸ ಅಂತ ಬರೀಲೇನು?”

“ಬ್ಯಾಡ್ರಿ.”

“ಎಲ್ಲಾರೂ ಅದೇ ತಗೊಂಡಾರ.”

“ಎಲ್ಲಾರೂ ಕೂಡಿ ಹೋಗ್ಲಿಕ್ಕ ಇದೇನು ಮದುವಿ ದಿಬ್ಬಣ ಏನ್ರಿ ಮಾಸ್ತರ್ರ?” ಎಂದಳು ಸಖುಬಾಯಿ. “ಇತಿಹಾಸ ನನ್ನ ತಲ್ಯಾಗ ನಿಲ್ಲಂಗಿಲ್ಲ; ಅದನ್ನ ಬರದ್ರ ಫೇಲಾಗಿ ನನಗ ಮದುವೀನೇ ಗತಿ. ದೊಡ್ಡ ಲೆಕ್ಕೇ ಬರೀರಿ.”

ಮಾಸ್ತರರು ಬರೆದರು.

ಪರೀಕ್ಷೆ ಮುಗಿದು ಫಲಿತಾಂಶ ಬರುವವರೆಗಿನ ಬೇಸಿಗೆಯನ್ನು ಅವರು ಹೇಗೆ ಕಳೆದರೋ ಅವರ ಮನೆಯವರೇ ಬಲ್ಲರು. ಅದರ ಹಿಂದಿನ ವರ್ಷ ಬೇರೊಂದು ಊರಿನಲ್ಲಿ, ಫಲಿತಾಂಶದ ದಿನ, ಒಬ್ಬ ಹುಡುಗ ಬಾವಿ ಪಾಲಾಗಿದ್ದ. ಆ ಸುದ್ದಿ ಮಾಸ್ತರರ ಎದೆಯಲ್ಲಿ ಕಲ್ಲಿನಂತೆ ಕೂತಿತ್ತು. ಮಿರಗದ ಮಳೆಯ ಮೊದಲ ವಾರ, ಫಲಿತಾಂಶ ಅಚ್ಚಾದ ಪತ್ರಿಕೆ ಮಧ್ಯಾಹ್ನದ ರೈಲಿಗೆ ಬರುವುದೆಂದು ಗೊತ್ತಾದಾಗ, ಊರಿಗೆ ಊರೇ ಸ್ಟೇಷನ್ನಿಗೆ ಹೋಯಿತು. ಸಮದ ಮಾಸ್ತರರು ಮಾತ್ರ ಆ ಮೂವತ್ತೊಂದು ಅಂಕದ ಹಾಳೆಯನ್ನು ಮಡಚಿ ಕೋಟಿನ ಒಳಜೇಬಿಗಿಟ್ಟುಕೊಂಡು, ಮುಂಜಾನೆಯೇ ಊರ ಹೊರಗಿನ ದೊಡ್ಡ ಬಾವಿಯ ಕಟ್ಟೆಯ ಮೇಲೆ ಹೋಗಿ ಕೂತರು. ನೀರಿಗೆ ಬಂದ ಹೆಂಗಸರು ಮುಸುಕೆಳೆದುಕೊಂಡು ನಕ್ಕರು. ಅವರು ಏಳಲಿಲ್ಲ.

ರೈಲು ಬಂತು, ಅದರ ಕೂಗು ಬಾವಿಯವರೆಗೂ ಕೇಳಿತು. ಸ್ವಲ್ಪ ಹೊತ್ತಿಗೆ ಜಾಲಿಗಿಡಗಳ ನಡುವಿನ ದಾರಿಯಲ್ಲಿ ಸಖುಬಾಯಿ ಬಂದಳು. ಆಕೆಯ ಕೈಯಲ್ಲಿ ಕೊಡ ಇರಲಿಲ್ಲ.

ಮಾಸ್ತರರನ್ನು ಕಂಡು ನಿಂತಳು. ಏನೂ ಕೇಳದೆ ಅವರು ಹಾಳೆ ತೆಗೆದು ಮುಂದೆ ಚಾಚಿದರು.

“ಇದು ಯಾರದ್ರಿ?”

“ಹೆಸರು ಓದು.”

ಆಕೆ ಓದಿದಳು. ಅಂಕ ನೋಡಿದಳು. “ನೀವು ಯಾವಾಗ ಫೇಲಾದ್ರಿ?”

“ನಿನಕಿಂತ ಆರು ತಿಂಗಳ ಮೊದಲು.”

ಸಖುಬಾಯಿ ಕಟ್ಟೆಯ ಇನ್ನೊಂದು ತುದಿಗೆ ಕೂತಳು. ಅಳು ಬಂದರೂ ಕಣ್ಣು ಹಾಳೆಯ ಮೇಲೇ ಇತ್ತು. ಲೆಕ್ಕಗಳನ್ನು ಒಂದೊಂದಾಗಿ ನೋಡಿ ಮುಗಿಸಿ ಕೇಳಿದಳು: “ಬಿಡಿಸಿದ್ದೆಲ್ಲಾ ಬರೋಬರಿ ಅದಲ್ರಿ? ಹನ್ನೆರಡರಾಗ ನಾಲ್ಕೇ ಯಾಕ ಮಾಡೀರಿ?”

“ವ್ಯಾಳ್ಯಾ ಸಾಲಲಿಲ್ಲ.”

“ನನಗೂ ಹಂಗೇ ಆತ್ರಿ.”

ಆಗ ಮಾಸ್ತರರಿಗೆ ತಿಳಿಯಿತು. ಪ್ರತಿ ಲೆಕ್ಕವನ್ನೂ ಮೊದಲು ಉರ್ದುವಿನಲ್ಲಿ ಬಾಯಿಂದ ಹೇಳಿಸಿ, ಆ ಮೇಲೆ ಕನ್ನಡದಲ್ಲಿ ಬರೆಸುವುದು ಅವರ ಪದ್ಧತಿ. ತಾವು ಏರಿದ ಸುತ್ತು ದಾರಿಯಲ್ಲೇ ಆಕೆಯನ್ನೂ ಏರಿಸಿದ್ದರು. ಗೋಡೆಯ ಕಾಗದದ ‘ಕಷ್ಟ’ದ ಮನೆಯಲ್ಲಿ ಅವರು ಬರೆದಿಟ್ಟದ್ದು ಪರೀಕ್ಷೆಯ ಕಷ್ಟವಲ್ಲ, ತಮ್ಮದು. ಅದನ್ನು ನೋಡಿ ಇಬ್ಬರು ಮಕ್ಕಳು ದಾರಿ ಬದಲಿಸಿದ್ದರು.

ಮರುದಿನವೇ ಅವರು ಬಸ್ಸು ಹಿಡಿದು ಬೀದರದ ಮೇಲೆ ಹಾದು ಔರಾದ ಕಡೆಗೆ ಹೋಗಿ ಹಾವಗೆಪ್ಪನನ್ನು ಬಯಲಲ್ಲಿ ಕಂಡರು. ಓದು ಬಾರದ ಹಾವಗೆಪ್ಪ ಹಾಳೆಯನ್ನು ತಲೆಕೆಳಗಾಗಿ ಹಿಡಿದು ನೋಡಿದ.

“ಇದರಾಗ ಏನದರಿ?”

“ನಾ ಫೇಲಾಗಿದ್ದದ. ಅದೇ ಲೆಕ್ಕದಾಗ.”

“ನೀವು ಮಾಸ್ತರ ಅಲ್ರೀ?”

“ಮಾಸ್ತರೇ.”

ಹಾವಗೆಪ್ಪ ಕುರಿಗಳು ಬೆದರುವಂತೆ ನಕ್ಕ. “ಹೇಳಿಕೊಡಾವಗೇ ಬರಲಿಲ್ಲಂದ್ರ ಹುಡಿಗಿದೇನು ತಪ್ಪು? ಇನ್ನೊಂದು ವರ್ಷ ಇಬ್ಬರೂ ಓದ್ರಿ, ಹೋಗ್ರಿ.”

ಇಬ್ಬರೂ ಓದಿದರು. ನಲವತ್ತರ ಹತ್ತಿರ ಬಂದಿದ್ದ ಮಾಸ್ತರರು ಮಗ್ಗಿಯನ್ನು ಮೊದಲಿಂದ ಕನ್ನಡದಲ್ಲಿ, ಪುರಾಣದ ಕಟ್ಟೆಯಲ್ಲಿ ಕೇಳಿದ ಪದ್ಯದ ಧಾಟಿಗೆ ಹಚ್ಚಿ, ಬಾಯಿಪಾಠ ಮಾಡಿದರು. ಮರುವರ್ಷ ಸಖುಬಾಯಿಗೆ ಐವತ್ತನಾಲ್ಕು ಬಂತು. ಬೀದರಕ್ಕೆ ಹೋಗಿ ಓದಿದಳು. ಇಂದು ಅದೇ ಬೀದರದಲ್ಲಿ ದೊಡ್ಡ ಲೆಕ್ಕ ಕಲಿಸುತ್ತಿರುವ ಶ್ರೀಮತಿ ಸಖುಬಾಯಿಯವರು ಈ ಗ್ರಂಥದ ಸಮಿತಿಗೆ ಹಿರಿಯರು. ಗೋಡೆಯ ಆ ಕಾಗದವನ್ನು ಮಾಸ್ತರರು ತಾವೇ ಹರಿದರು. ಹಾಳೆಯನ್ನು ಹರಿಯಲಿಲ್ಲ. ಅಲ್ಲಿಂದ ಮುಂದೆ, ಭಾಲ್ಕಿಯಿರಲಿ ಬೀದರವಿರಲಿ, ಫಲಿತಾಂಶದ ದಿನ ಸಮದ ಮಾಸ್ತರರನ್ನು ಸಾಲೆಯಲ್ಲಿ ಯಾರೂ ಹುಡುಕುತ್ತಿರಲಿಲ್ಲ. ಊರ ಹೊರಗೆ ಬಾವಿ ಎಲ್ಲಿದೆಯೋ ಅಲ್ಲಿ ಅವರಿರುತ್ತಿದ್ದರು. ಪಾಸಾದವರ ಪೇಡೆ ಅವರಿಗೆ ಮರುದಿನವೇ ಸಿಗುತ್ತಿತ್ತು. ಎಷ್ಟು ಮಕ್ಕಳು ಆ ಹಾಳೆ ಓದಿದರೆಂದು ಅವರು ಹೇಳಿಲ್ಲ. ಮಡಿಕೆ ಹರಿದಲ್ಲೆಲ್ಲ ಹಿಂದಿನಿಂದ ಬಟ್ಟೆ ಅಂಟಿಸಿದ್ದನ್ನು ನೋಡಿದರೆ ಅಂದಾಜು ಸಿಗುತ್ತದೆ.

ಇಂಥ ಗುರುಗಳಿಗೆ ದೇವರು ತುಂಬು ಆಯುಷ್ಯವನ್ನು, ಸಣ್ಣ ಅಕ್ಷರ ಕಾಣುವ ಕಣ್ಣುಗಳನ್ನು, ಬೆಂಚಿನ ಕೆಳಗೆ ಮಡಚಲು ಬರುವ ಮೊಣಕಾಲುಗಳನ್ನು ಕೊಡಲಿ. ನೌಕರಿ ಮುಗಿದರೂ ಅವರ ಕೆಲಸ ಮುಗಿಯದಿರಲಿ ಎಂದು ಶಿಷ್ಯರೆಲ್ಲರ ಪ್ರಾರ್ಥನೆ. ಪ್ರಾರ್ಥನೆ ಫಲಿಸುವ ಲಕ್ಷಣವೇನೋ ಇದೆ. ಈ ಗ್ರಂಥದ ಮೊದಲ ಪುಟದಲ್ಲಿ ಆ ಹಾಳೆಯ ಪಡಿಯಚ್ಚು ಇರಬೇಕೆಂದು ಬಯಸಿ, ಸಖುಬಾಯಿಯವರು ಸಮಿತಿಯವರೊಡನೆ ಬೀದರದ ಚಿದ್ರಿಯಲ್ಲಿರುವ ಮಾಸ್ತರರ ಮನೆಗೆ ಹೋಗಿದ್ದರು.

“ಒಂದೇ ದಿನದ ಸಲುವಾಗಿ ಕೊಡ್ರಿ ಮಾಸ್ತರ್ರ. ಛಾಪಖಾನ್ಯಾಗ ಬ್ಲಾಕ್ ಮಾಡಿಸಿ ನಾಳಿ ಸಂಜಿಗಿ ನಾನೇ ತಂದು ಕೊಡ್ತೇನಿ.”

ಮಾಸ್ತರರು ಹಾಳೆ ತೆಗೆದು ತೋರಿಸಿದರು; ಎಲ್ಲರೂ ನೋಡಿದ ಮೇಲೆ ಮಡಚಿ, ಕೋಟಿನ ಒಳಜೇಬಿಗೆ ಇಟ್ಟುಕೊಂಡು, ಗುಂಡಿ ಹಾಕಿದರು.

“ನಾಳಿಗಿ ರಿಜಲ್ಟ್ ಅದ ಬೇಟಿ,” ಎಂದರು. “ಕೊಡೂದಿಲ್ಲ.”